ಮೆಟ್ಟಿಲ ಹೋಟೆಲು

ಗುಬ್ಬಿಯ ಬಸ್ ಸ್ಟ್ಯಾಂಡಿನ ಮುಂದೆ ಕಾರು ಮೂರನೆಯ ಸಲ ಹಾದುಹೋದಾಗ, ಆ ಹೋಟೆಲು ಸಿಗದೇ ಹೋದರೆ ಸಾಕು ಎಂದು ಅರುಣಾಳಿಗೆ ಅನ್ನಿಸತೊಡಗಿತು. ಯಾಕೆ ಹಾಗನ್ನಿಸಿತೆಂದು ಅವಳಿಗೇ ತಿಳಿಯಲಿಲ್ಲ. ಹೋಟೆಲಿನ ಹೆಸರು ಹೇಳಿದವಳು ಅವಳೇ, ಎಲ್ಲರನ್ನೂ ಬೆಳಿಗ್ಗೆ ಏಳಕ್ಕೆ ಹೊರಡಿಸಿದವಳೂ ಅವಳೇ. ಕಾರು ಓಡಿಸುತ್ತಿದ್ದ ಭಾನುಪ್ರಕಾಶ್ ಹಸಿವಾದಾಗಲೆಲ್ಲ ಮಾಡುವಂತೆ ಲೊಚಗುಟ್ಟುತ್ತಿದ್ದ. ಅವನ ಪಕ್ಕದಲ್ಲಿ ಸಂಧ್ಯಾ ಮೊಬೈಲನ್ನು ಬಿಸಿಲಿಗೆ ಮರೆ ಮಾಡಿಕೊಂಡು, "ಮೆಟ್ಟಿಲ ಹೋಟೆಲು ಅಂತ ಹಾಕಿದ್ರೆ ಮ್ಯಾಪಲ್ಲಿ ಏನೂ ಬರ್ತಿಲ್ಲ ಕಣ್ರೀ ಅರುಣಾ. ಬೆಂಗಳೂರು ಮೆಟ್ರೋಗೆ ಕರ್ಕೊಂಡು ಹೋಗ್ತಿದೆ," ಎಂದಳು. ಹಿಂದಿನ ಸೀಟಿನಲ್ಲಿ ಅರುಣಾಳ ಜೊತೆ ಕೂತಿದ್ದ ನಂದಿತಾ ನಕ್ಕಳು. ಅರುಣಾಳೂ ನಕ್ಕಳು. ಮೆಡಿಕಲ್ ಸ್ಟೋರಿನವನಿಗೆ ಗೊತ್ತಿರಲಿಲ್ಲ, ಹೂವಿನವಳಿಗೆ ಗೊತ್ತಿರಲಿಲ್ಲ, ಆಟೋ ಸ್ಟ್ಯಾಂಡಿನಲ್ಲಿದ್ದ ನಾಲ್ವರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. "ಹುಟ್ಟಿದಾಗಿಂದ ಇದೇ ಊರಲ್ಲಿದೀನಿ ಮೇಡಂ, ಆ ಹೆಸ್ರೇ ಕೇಳಿಲ್ಲ," ಎಂದು ಅವರಲ್ಲೊಬ್ಬ ಹೇಳಿದ ಮೇಲೆ ಆ ಹೆಸರು ಹೇಳಿಕೊಟ್ಟ ಅಪ್ಪನ ಮೇಲೆಯೇ ಅನುಮಾನ ಹುಟ್ಟಿತು. ಹನ್ನೆರಡು ವರ್ಷ ಒಂದು ಊರಿನಲ್ಲಿ ದುಡಿದವನು ದಿನಾ ಕಾಫಿ ಕುಡಿದ ಹೋಟೆಲಿನ ಹೆಸರು ಆ ಊರಿಗೇ ಗೊತ್ತಿಲ್ಲವೆಂದರೆ ಹೇಗೆ.

ತುಮಕೂರಿನ ಪಿಯು ಕಾಲೇಜೊಂದರ ಸ್ಟಾಫ್ ರೂಮಿನಲ್ಲಿ ಈ ತಿಂಡಿ ಸುತ್ತಾಟವನ್ನು ಶುರು ಮಾಡಿದವನು ಭಾನುಪ್ರಕಾಶ್. ಅವನು ಹೇಳಿಕೊಡುವುದು ಫಿಸಿಕ್ಸ್, ಮಾತೆಲ್ಲ ಊಟದ್ದು. ತಿಂಗಳಿಗೊಂದು ಭಾನುವಾರ, ಸಲಕ್ಕೊಬ್ಬರ ಸರದಿ. ಸರದಿಯವರು ತಮಗೆ ಮಾತ್ರ ಗೊತ್ತಿರುವ ಒಂದು ಜಾಗಕ್ಕೆ ಉಳಿದವರನ್ನು ಕರೆದೊಯ್ಯಬೇಕು. "ಯೂಟ್ಯೂಬಲ್ಲಿ ನೋಡಿದ್ದು ನಡೆಯಲ್ಲ. ನಮ್ ಮನೆ ಹಿರೀಕರು ತಿಂದು ತೋರಿಸಿದ ಜಾಗ ಆಗಿರ್ಬೇಕು," ಎಂಬುದು ಅವನ ಕಂಡೀಷನ್ನು. ಅವನು ಕ್ಯಾತ್ಸಂದ್ರದ ಓಣಿಯೊಂದರಲ್ಲಿ ತನ್ನ ಅಜ್ಜ ತಿನ್ನುತ್ತಿದ್ದ ತಟ್ಟೆ ಇಡ್ಲಿ ತಿನ್ನಿಸಿದ. ಸಂಧ್ಯಾ ಕುಣಿಗಲ್ಲಿಗೆ ಕರೆದುಕೊಂಡು ಹೋಗಿ ತನ್ನ ಅಜ್ಜ ಕೋರ್ಟಿನ ಕೆಲಸ ಮುಗಿಸಿ ಕೂರುತ್ತಿದ್ದ ಟೇಬಲ್ಲು ತೋರಿಸಿದಳು. ಎಲ್ಲರಿಗೂ ಒಬ್ಬ ಅಜ್ಜ ಇದ್ದ, ಅಜ್ಜನಿಗೊಂದು ಹೋಟೆಲಿತ್ತು, ಹೋಟೆಲಿನಲ್ಲಿ ಅಜ್ಜನದೇ ಒಂದು ಮೂಲೆಯಿತ್ತು. ಈ ವರ್ಷ ಸೇರಿದ ನಂದಿತಾಳಿಗೂ ತಿಪಟೂರು ರಸ್ತೆಯಲ್ಲೆಲ್ಲೋ ಒಂದಿತ್ತಂತೆ. ಅರುಣಾ ಎರಡು ಸಲ ಮಗಳು ಸುಶ್ಮಿತಾಳ ಪರೀಕ್ಷೆಯ ನೆಪ ಹೇಳಿ ತನ್ನ ಸರದಿಯನ್ನು ಮುಂದಕ್ಕೆ ದೂಡಿದ್ದಳು.

ತನಗೆ ಅಂಥ ಜಾಗ ಇರಲಿಲ್ಲ ಎಂದೇನೂ ಅಲ್ಲ. ಕುಣಿಗಲ್ಲಿನ ಕೆರೆ ಏರಿಯ ಕೆಳಗೆ ತಗಡಿನ ಶೆಡ್ಡಿನಲ್ಲಿ ಭದ್ರಮ್ಮ ಎಂಬ ಹೆಂಗಸು ಮುದ್ದೆ, ಕೆರೆ ಮೀನಿನ ಸಾರು ಮಾಡುತ್ತಿದ್ದಳು. ಪರೀಕ್ಷೆಯ ಡ್ಯೂಟಿಗೆಂದು ಹೋದಾಗ ಕಂಡುಕೊಂಡದ್ದು. ಆಮೇಲೆ ಡ್ಯೂಟಿ ಇಲ್ಲದಿದ್ದರೂ ತಿಂಗಳಿಗೊಂದು ಸಲ ಬಸ್ಸು ಹತ್ತಿ ಹೋಗಿ, ಬೆಂಚಿನ ಮೇಲೆ ಲಾರಿಯವರ ಜೊತೆ ಕೂತು, ಬೆವರು ಒರೆಸಿಕೊಳ್ಳುತ್ತ ಉಂಡು ಬರುತ್ತಿದ್ದಳು. ಆದರೆ ಕಾಲೇಜಿನಲ್ಲಿ ಅವಳು ಸಸ್ಯಾಹಾರಿ. ಎಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲನೆಯ ದಿನ, ಎಲ್ಲರ ಡಬ್ಬಿಗಳೂ ತೆರೆದಿದ್ದಾಗ ಭಾನುಪ್ರಕಾಶ್, "ನೀವು ವೆಜ್ಜಾ ಮೇಡಂ?" ಎಂದು ಕೇಳಿದ್ದ. "ಹೂಂ" ಎಂದಿದ್ದಳು. ಅಷ್ಟೇ. ಆ ಹೂಂ ಅನ್ನು ಸಾಕಲು ಎಂಟು ವರ್ಷ ಸೋಮವಾರ ಬೆಳಿಗ್ಗೆ ಏಲಕ್ಕಿ ಅಗಿಯಬೇಕಾಯಿತು, ಗಂಡ ಗೋವಿಂದರಾಜು ಭಾನುವಾರ ಮಾಂಸ ತಂದರೆ ಅಡುಗೆಮನೆಯ ಕಿಟಕಿ ಮುಚ್ಚಬೇಕಾಯಿತು. ಸಂಧ್ಯಾಳ ಸರದಿಗೆ ಕುಣಿಗಲ್ಲಿಗೆ ಹೋದ ದಿನ ಕೆರೆ ಏರಿಯ ಮೇಲೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಭದ್ರಮ್ಮ ಕೊಡ ಹಿಡಿದು ಎದುರಿಗೇ ಬಂದುಬಿಟ್ಟಳು. "ಏನವ್ವಾ, ಹೋದ್ ತಿಂಗ್ಳು ಬರ್ನೇ ಇಲ್ಲ? ನಿಂಗೇ ಅಂತ ಮೀನಿನ ತಲೆ ಎತ್ತಿಟ್ಟಿದ್ದೆ," ಎಂದಳು. ಅರುಣಾ ಹಿಂದೆ ತಿರುಗಿ, ಆ ಮಾತು ಇನ್ಯಾರಿಗೋ ಹೇಳಿದ್ದೆಂಬಂತೆ ಖಾಲಿ ರಸ್ತೆಯನ್ನು ನೋಡಿದಳು. "ಯಾರನ್ನೋ ಅನ್ಕೊಂಡು ಮಾತಾಡಿಸ್ತಿದಾರೆ ಪಾಪ," ಎಂದಳು ಸಂಧ್ಯಾಳಿಗೆ. ಭದ್ರಮ್ಮ ಕೊಡವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಇಳಿದುಹೋದಳು. ಆಮೇಲೆ ಅರುಣಾ ಆ ಶೆಡ್ಡಿನ ಕಡೆ ತಲೆ ಹಾಕಿರಲಿಲ್ಲ.

ಹೀಗಾಗಿ ಅಪ್ಪನನ್ನು ಕೇಳಿದ್ದು. ಅಮ್ಮ ಸತ್ತ ಮೇಲೆ ಕದರಯ್ಯ ಊರ್ಡಿಗೆರೆ ಬಿಟ್ಟು ಉಪ್ಪಾರಹಳ್ಳಿಯ ಇವರ ಮನೆಯಲ್ಲೇ ಇದ್ದ. ಪ್ರಾಯದಲ್ಲಿ ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ಹಮಾಲಿಯಾಗಿದ್ದವನು. "ಯಾಕವ್ವ, ಮೆಟ್ಲೋಟ್ಲಿಲ್ವಾ ಗುಬ್ಬೀಲಿ," ಎಂದು ಅವನು ತಟ್ಟನೆ ಹೇಳಿದ. "ಅಂಥ ಕಾಫಿ ಇನ್ನೆಲ್ಲೂ ಕುಡ್ದಿಲ್ಲ ನಾನು. ಮೆಣಸು ಹಾಕಿ ಉದ್ದಿನೊಡೆ ಮಾಡೋರು, ಮೇಲೆ ಕರ್ ಅನ್ನದು, ಒಳ್ಗೆ ಬೆಣ್ಣೆ." ಸಾಮಾನ್ಯವಾಗಿ ಎರಡು ಮಾತಿಗೆ ಮುಗಿಸುವವನು ಅವತ್ತು ಅರ್ಧ ಗಂಟೆ ಮಾತಾಡಿದ. ಎದುರಿಗಿದ್ದ ಬೇವಿನ ಮರ, ಏಳು ಗಂಟೆಗೆ ಮುಖಕ್ಕೆ ಬೀಳುವ ಬಿಸಿಲು, ಕೊಬ್ಬರಿ ಗಾಡಿಗಳ ಸದ್ದು, ಒಳಗಿನಿಂದ ಬರುವ ಡಿಕಾಕ್ಷನ್ನಿನ ವಾಸನೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ವೆಜ್ಜೇ ತಾನೆ ಅಪ್ಪ?" ಅವನು ನಕ್ಕು, "ಪಕ್ಕಾ ವೆಜ್ಜು," ಎಂದಿದ್ದ. ಟೇಬಲ್ಲು, ಕುರ್ಚಿ, ಗೋಡೆಯ ಮೇಲಿನ ದೇವರ ಪಟ, ಇಂಥ ಒಂದು ಮಾತೂ ಅವನ ವರ್ಣನೆಯಲ್ಲಿ ಇರಲಿಲ್ಲ ಎಂಬುದು ಆಗ ಅವಳ ಗಮನಕ್ಕೆ ಬರಲಿಲ್ಲ. ಬರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಅದು ಬಂದು ಬಾಗಿಲ ಹೊರಗೆ ನಿಂತಿತ್ತು, ಇವಳು ಒಳಕ್ಕೆ ಕರೆಯಲಿಲ್ಲ. ಇವತ್ತು ಬೆಳಿಗ್ಗೆ ಅಪ್ಪ ಒಗೆದ ಅಂಗಿ ಹಾಕಿಕೊಂಡು ಹಜಾರದಲ್ಲಿ ಕೂತಿದ್ದ. ಬರುತ್ತೇನೆ ಅನ್ನಲಿಲ್ಲ. ಕಾರಿನಲ್ಲಿ ಐದನೆಯವರಿಗೆ ಜಾಗವಿತ್ತು. ಅವಳು ಕಾರು ಮನೆಯ ತನಕ ಬರುವುದು ಬೇಡವೆಂದು ಮೇನ್ ರೋಡಿಗೆ ನಡೆದುಕೊಂಡೇ ಬಂದು ಹತ್ತಿದ್ದಳು.

"ಕೊನೇ ಸಲ ಒಬ್ರನ್ನ ಕೇಳಿ ನೋಡೋಣ, ಇಲ್ಲಾಂದ್ರೆ ಎಲ್ಲಾದ್ರೂ ಸರಿ, ಸಕ್ಕರೆ ಕಡಿಮೆ ಆಗ್ತಿದೆ ನಂಗೆ," ಎಂದು ಭಾನುಪ್ರಕಾಶ್ ಸಂತೆ ಬೀದಿಯ ಬಾಯಲ್ಲಿ ಕಾರು ನಿಲ್ಲಿಸಿದ. ವೀಳ್ಯದೆಲೆ ಕಟ್ಟುಗಳನ್ನು ಒದ್ದೆ ಗೋಣಿಯ ಮೇಲೆ ಹರಡಿಕೊಂಡು ಒಬ್ಬ ಮುದುಕ ಕೂತಿದ್ದ. ಅರುಣಾ ಇಳಿದು ಹೋಗಿ ಕೇಳಿದಳು. ಮುದುಕ ಎಲೆಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿ ಅವಳ ಸೀರೆ, ವ್ಯಾನಿಟಿ ಬ್ಯಾಗು, ಕಾರು ಎಲ್ಲವನ್ನೂ ನಿಧಾನವಾಗಿ ನೋಡಿದ.

"ಆ ಹೆಸ್ರು ನಿಮ್ಗೆ ಯಾರವ್ವ ಹೇಳ್ಕೊಟ್ಟಿದ್ದು?"

"ನಮ್ ತಂದೆ."

"ಏನವ್ರ ಹೆಸ್ರು?"

ಅವಳು ಹಿಂದೆ ತಿರುಗಿ ನೋಡಿದಳು. ಕಾರಿನ ಗಾಜು ಏರಿಸಿತ್ತು. "ಕದರಯ್ಯ ಅಂತ. ಮಂಡೀಲಿದ್ರು."

"ಓ," ಎಂದ ಮುದುಕ. ಅವನ ದನಿ ತಗ್ಗಿತು, ಗೌರವದ 'ನೀವು' ಬಿದ್ದುಹೋಯಿತು, ಅದರ ಜಾಗದಲ್ಲಿ ಒಂದು ಸಲಿಗೆ ಬಂತು. "ನಾನು ರಂಗಯ್ಯ ಕಣವ್ವ, ನಿಮ್ಮಪ್ಪನ ಜೊತೆಗೇ ಮೂಟೆ ಹೊತ್ತೋನು. ಹಂಗ್ ಕೇಳಿದ್ರೆ ಈ ಊರಲ್ಲಿ ಯಾರ್ಗೂ ತಿಳಿಯಕಿಲ್ಲ. ವೇಣುಗೋಪಾಲ ಫಲಾಹಾರ ಮಂದಿರ ಅನ್ನು, ಹಿಂದ್ಲ ಬೀದಿ. ಮೆಟ್ಲೋಟ್ಲು ಅಂತ ನಾವು ಮಾತ್ರ ಅಂತಿದ್ದುದ್ದು." ಒಂದು ಎಲೆ ಎತ್ತಿ ಒರೆಸಿದ. "ಈಗ ಒಳೀಕೆ ಬುಡ್ತಾರೆ. ಹೋಗ್ಬಾ, ಏನೂ ಅನ್ನಕಿಲ್ಲ."

ನಾವು ಮಾತ್ರ. ಬಾಗಿಲ ಹೊರಗೆ ನಿಂತಿದ್ದದ್ದು ಈಗ ತಾನಾಗಿಯೇ ಒಳಗೆ ಬಂತು. ಕಾರಿನ ತನಕದ ಇಪ್ಪತ್ತು ಹೆಜ್ಜೆಯಲ್ಲಿ, ಹೋಟೆಲು ಮುಚ್ಚಿಹೋಗಿದೆಯಂತೆ ಎಂದುಬಿಡೋಣ ಎಂದು ಅವಳು ನಿರ್ಧರಿಸಿದಳು. ಆದರೆ ಬಾಗಿಲು ತೆಗೆದಾಗ, "ಬೇರೆ ಹೆಸ್ರೇನಾದ್ರೂ ಹೇಳಿದ್ರಾ?" ಎಂದು ಸಂಧ್ಯಾ ಬೆರಳನ್ನು ಮೊಬೈಲಿನ ಮೇಲೆ ಹಿಡಿದು ಕಾದಿದ್ದಳು. ಪಾಠ ಒಪ್ಪಿಸುವವಳಂತೆ ಅರುಣಾ ಹೆಸರು ಹೇಳಿದಳು. "ಸಿಕ್ತು, ಇನ್ನೂರು ಮೀಟರು. ಎಷ್ಟು ಜನ ಒಳ್ಳೇದು ಬರ್ದಿದಾರೆ ನೋಡಿ," ಎಂದಳು ಸಂಧ್ಯಾ.

ಮೂರು ಕಲ್ಲಿನ ಮೆಟ್ಟಿಲು. ನಡುವಿನದು ಸವೆದು ಹಳ್ಳ ಬಿದ್ದಿತ್ತು. ಎದುರಿಗೆ ಬೇವಿನ ಮರವಿರಲಿಲ್ಲ, ಅದರ ಜಾಗದಲ್ಲಿ ಎಟಿಎಂ ಇತ್ತು. ಬಿಸಿಲು ಮಾತ್ರ ಅಪ್ಪ ಹೇಳಿದ ಹಾಗೆಯೇ ನೇರ ಮೆಟ್ಟಿಲ ಮೇಲೆ ಬಿದ್ದಿತ್ತು. "ಅರುಣಾ ಮೇಡಂ, ಅಲ್ಲೇ ನಿಂತ್ಕೊಳ್ಳಿ, ಬೆಳಕು ಚೆನ್ನಾಗಿದೆ," ಎಂದು ಭಾನುಪ್ರಕಾಶ್ ಫೋಟೋ ತೆಗೆದ. ಅವಳು ನಡುವಿನ ಮೆಟ್ಟಿಲ ಮೇಲೆ ನಿಂತು ಮುಗುಳ್ನಕ್ಕಳು. ಒಳಗೆ ಅಮೃತಶಿಲೆಯ ಹಳೆಯ ಟೇಬಲ್ಲುಗಳು, ಗೋಡೆಗೆ ಕನ್ನಡಿ, ಗಲ್ಲಾದಲ್ಲಿ ಅಪ್ಪನಷ್ಟೇ ವಯಸ್ಸಿನ ಯಜಮಾನರು. ವಡೆ ಬಂತು, ಮುರಿದರೆ ಹಬೆ. ಅದು ಚೆನ್ನಾಗಿಲ್ಲದಿರಲಿ ಎಂದು ಬೇಡಿಕೊಂಡೇ ಬಾಯಿಗಿಟ್ಟಳು. ಅಷ್ಟು ಚೆನ್ನಾಗಿರುವ ವಡೆಯನ್ನು ಅವಳು ತಿಂದೇ ಇರಲಿಲ್ಲ. ಭಾನುಪ್ರಕಾಶ್ ಎರಡು ನಿಮಿಷ ಮಾತಾಡಲಿಲ್ಲ, ಅವನ ಮಟ್ಟಿಗೆ ಅದೇ ದೊಡ್ಡ ಹೊಗಳಿಕೆ. ಕಾಫಿ ಬಂದ ಮೇಲೆ ಅವನು ಲೋಟ ಹಿಡಿದೇ ಎದ್ದು ಗಲ್ಲಾದ ಕಡೆ ಹೋಗಿ, "ಎಷ್ಟು ವರ್ಷ ಆಯ್ತು ಯಜಮಾನ್ರೆ ಹೋಟ್ಲು?" ಎಂದು ಶುರು ಮಾಡಿದ. ಅವಳು ಚಟ್ನಿಯನ್ನು ಬೆರಳಿನಿಂದ ಸವರುತ್ತ, ಆ ಮಾತು ಇತ್ತ ತಿರುಗದಿರಲಿ ಎಂದು ಕಾದಳು. ತಿರುಗಿತು.

"ಇವ್ರ ತಂದೆ ನಿಮ್ ಹಳೇ ಗಿರಾಕಿ. ಮೆಟ್ಟಿಲ ಹೋಟೆಲು ಅಂತಿದ್ರಂತೆ. ಆ ಹೆಸ್ರು ಹಿಡ್ಕೊಂಡು ಊರೆಲ್ಲ ಸುತ್ತಿದ್ವಿ."

ಯಜಮಾನರ ನಗು ಅರ್ಧಕ್ಕೆ ನಿಂತಿತು. ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಕೆಟ್ಟ ನೋಟವೇನಲ್ಲ, ಲೆಕ್ಕ ಹಾಕುವ ನೋಟ. "ತಂದೆಯವ್ರ ಹೆಸರೇನಮ್ಮ?"

"ರಾಮಾಂಜಿನಯ್ಯ," ಎಂದಳು ಅರುಣಾ. "ಮೇಷ್ಟ್ರಾಗಿದ್ರು."

ಆ ಹೆಸರು ಎಲ್ಲಿಂದ ಬಂತೆಂದು ಅವಳಿಗೆ ಮರುಕ್ಷಣ ಹೊಳೆಯಿತು. ಊರ್ಡಿಗೆರೆಯಲ್ಲಿ ಅವಳಿಗೆ ಅಕ್ಷರ ಕಲಿಸಿದ ಮೇಷ್ಟ್ರು, ಬಿಳಿ ಪಂಚೆ, ಕೈಯಲ್ಲಿ ಸದಾ ಒಂದು ಸೀಮೆಸುಣ್ಣ. ಹುಡುಕದೇ ಸಿಕ್ಕಿದ ಹೆಸರು. ಬಹುಶಃ ಎಷ್ಟೋ ವರ್ಷದಿಂದ ನಾಲಿಗೆಯ ಕೆಳಗೆ ತಯಾರಾಗಿಯೇ ಇತ್ತು. ಯಜಮಾನರ ಮುಖ ಬಿಚ್ಚಿಕೊಂಡಿತು. "ರಾಮಾಂಜಿನಯ್ಯ ಮೇಷ್ಟ್ರು. ಗೊತ್ತು ಗೊತ್ತು, ಆ ಕನ್ನಡಿ ಕೆಳಗೆ ಕೂರೋರು, ಪೇಪರ್ ಓದ್ಕೊಂಡು," ಎಂದರು. ಅಲ್ಲಿಗೆ ಬಂದೇ ಇರದ ಮನುಷ್ಯನನ್ನು ಅವರು ಅಷ್ಟು ಸಲೀಸಾಗಿ ಕನ್ನಡಿಯ ಕೆಳಗೆ ಕೂರಿಸಿದ್ದು ಕಂಡು ಅವಳಿಗೆ ಗಾಬರಿಯಾಯಿತು. "ಚೆನ್ನಾಗಿದಾರಾ?" "ಇದಾರೆ." ಸದ್ಯ, ಸತ್ತಿದ್ದಾರೆ ಎನ್ನಲಿಲ್ಲವಲ್ಲ ಎಂದುಕೊಂಡಳು.

"ಮೆಟ್ಟಿಲ ಹೋಟ್ಲು ಅಂತ ಮೇಷ್ಟ್ರು ತಮಾಷೆಗೆ ಅಂದಿರ್ಬೇಕು," ಎಂದು ಯಜಮಾನರು ಭಾನುಪ್ರಕಾಶನ ಕಡೆ ತಿರುಗಿದರು. "ಹಾಗಂತಿದ್ದೋರು ಕೂಲಿಯೋರು, ಕೇರಿ ಕಡೆಯೋರು. ಆಗಿನ ಕಾಲ ಹಂಗಿತ್ತು ಬಿಡಿ ಸಾರ್, ಒಳಗೆ ಬರೋ ಪದ್ಧತಿ ಇರ್ಲಿಲ್ಲ. ಮೆಟ್ಟಿಲ ಮೇಲೆ ಕೂರೋರು. ಗೋಡೆ ಗೂಡಲ್ಲಿ ಅವ್ರಿಗೆ ಬೇರೆ ಲೋಟ. ಕುಡಿದು ತೊಳೆದು ಇಟ್ಟು ಹೋಗೋರು. ನಾನೇ ಮೇಲಿಂದ ಹುಯ್ತಿದ್ದೆ." ನಂದಿತಾ ತನ್ನ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟಳು. "ಛೆ," ಎಂದ ಭಾನುಪ್ರಕಾಶ್, ಆದರೆ ಅವನ ಕಣ್ಣು ಒಳ್ಳೆಯ ಕಥೆ ಸಿಕ್ಕಿದವನ ಕಣ್ಣಾಗಿತ್ತು. "ಆದ್ರೆ ಒಂದು ಮಾತು ಹೇಳ್ತೀನಿ," ಯಜಮಾನರು ಮುಂದಕ್ಕೆ ಬಾಗಿದರು. "ಅವರಲ್ಲಿ ಕದರ ಅಂತ ಒಬ್ಬ ಇದ್ದ. ಹಮಾಲಿ. ಅಂಥ ನಾಲಿಗೆ ನಾನು ನೋಡಿಲ್ಲ. ಒಂದಿನ ನಮ್ಮ ಹಸು ಬತ್ತಿಹೋಗಿ ಬೇರೆ ಕಡೆಯಿಂದ ಹಾಲು ತರಿಸಿದ್ವಿ. ಒಳಗೆ ವಕೀಲ್ರಿದ್ರು, ಡಾಕ್ಟ್ರಿದ್ರು, ಯಾರಿಗೂ ಗೊತ್ತಾಗ್ಲಿಲ್ಲ. ಹೊರಗಿಂದ ಇವನು ಹೇಳ್ದ, ಸ್ವಾಮಿ, ಇವತ್ತು ಹಸ ಬೇರೆ ಅಂತ. ನಮ್ಮಪ್ಪ ಬೆರಗಾಗಿಬಿಟ್ರು. ಆಮೇಲಾಮೇಲೆ ಹೊಸ ಬೀಜ ತಂದು ಹುರಿದ್ರೆ ಮೊದಲ್ನೇ ಕಾಫಿ ಅವನಿಗೇ. ಅವನು ಹೂಂ ಅಂದ್ರೆ ಒಳಗೆ. ನಿಜ ಹೇಳ್ಬೇಕು ಅಂದ್ರೆ ನೀವೀಗ ಕುಡೀತಿರೋದು ಅವನು ಒಪ್ಪಿದ ಕಾಫಿ. ಎಲ್ಲಿದಾನೋ, ಇದಾನೋ ಇಲ್ವೋ."

ಗಂಟಲಿನ ತನಕ ಒಂದು ವಾಕ್ಯ ಬಂದಿತ್ತು. ಅವರು ನಮ್ಮಪ್ಪ, ಇದ್ದಾರೆ, ಉಪ್ಪಾರಹಳ್ಳಿಯಲ್ಲಿ ಒಗೆದ ಅಂಗಿ ಹಾಕಿಕೊಂಡು ಕೂತಿದ್ದಾರೆ. ಹತ್ತು ಪದವೂ ಇಲ್ಲ. ಎರಡು ನಿಮಿಷ ಮುಂಚೆ ಅದನ್ನು ಹೇಳಿದ್ದರೆ ಇಡೀ ಹೋಟೆಲಿನಲ್ಲಿ ಅವಳಷ್ಟು ದೊಡ್ಡ ಗಿರಾಕಿ ಇನ್ನೊಬ್ಬರಿರುತ್ತಿರಲಿಲ್ಲ. ಭಾನುಪ್ರಕಾಶನ ಅಜ್ಜ, ಸಂಧ್ಯಾಳ ಅಜ್ಜ ಎಲ್ಲರೂ ತಿಂದು ಹೋದವರು, ಅವಳ ಅಪ್ಪನೊಬ್ಬನೇ ರುಚಿಯನ್ನು ಹಿಡಿದು ನಿಲ್ಲಿಸಿದವನು. ಆದರೆ ಈಗ ಕದರಯ್ಯನ ಮಗಳಾಗಬೇಕಾದರೆ ಮೊದಲು ಸುಳ್ಳುಗಾತಿಯಾಗಬೇಕಿತ್ತು. "ಪಾಪ," ಎಂದಳು. ಯಜಮಾನರು ಮಗನನ್ನು ಕೂಗಿ ನಾಲ್ಕು ವಡೆ ಬಾಳೆಎಲೆಯಲ್ಲಿ ಕಟ್ಟಿಸಿ, "ಮೇಷ್ಟ್ರಿಗೆ ಕೊಡಮ್ಮ, ಗುಬ್ಬಿಯೋರು ಮರೆತಿಲ್ಲ ಅನ್ನು," ಎಂದು ಎರಡೂ ಕೈಯಿಂದ ಕೊಟ್ಟರು. ಅವಳು ಎರಡೂ ಕೈಯಿಂದ ತೆಗೆದುಕೊಂಡಳು.

ವಾಪಸು ಬರುವಾಗ ಬಿದರೆಹಳ್ಳ ಕಾವಲ್ ಕಾರ್ಖಾನೆಯ ಕಡೆಯಿಂದ ಹೆಲಿಕಾಪ್ಟರೊಂದು ತಗ್ಗಿನಲ್ಲಿ ಹಾರಿಹೋಯಿತು. ನಂದಿತಾ ಕಿಟಕಿಯಿಂದ ಅದನ್ನೇ ನೋಡುತ್ತಿದ್ದಳು, ಅಥವಾ ಅರುಣಾಳನ್ನು ನೋಡದಿರಲು ಅದನ್ನು ನೋಡುತ್ತಿದ್ದಳು. ಮಡಿಲಲ್ಲಿದ್ದ ಪೊಟ್ಟಣದ ಬಿಸಿ ಸೀರೆಯನ್ನು ದಾಟಿ ತೊಡೆಗೆ ತಾಗುತ್ತಿತ್ತು. ಹಲ್ಲಿನ ಸಂದಿಯಲ್ಲಿ ನಾಲಿಗೆಯಾಡಿಸುತ್ತ ಭಾನುಪ್ರಕಾಶ್ ಕನ್ನಡಿಯಲ್ಲಿ ಅವಳನ್ನು ನೋಡಿ, "ಅಲ್ಲ ಮೇಡಂ, ನೀವು ಅರುಣಾ ಕೆ. ಅಲ್ವಾ? ರಾಮಾಂಜಿನಯ್ಯ ಅಂದ್ರೆ ಆರ್ ಬರ್ಬೇಕಲ್ಲ," ಎಂದ. ಅವನಿಗೆ ಚುಚ್ಚುವ ಉದ್ದೇಶವಿತ್ತೋ, ಲೆಕ್ಕ ತಪ್ಪಿದ್ದನ್ನು ಕಂಡರೆ ಸುಮ್ಮನಿರಲಾಗದ ಫಿಸಿಕ್ಸ್ ಮೇಷ್ಟ್ರ ಚಾಳಿಯೋ. "ಅದು ಊರಿನ ಹೆಸ್ರು," ಎಂದಳು. "ಊರ್ಡಿಗೆರೆ ಅಲ್ವಾ ನಿಮ್ದು?" ಎಂದ. ಆಮೇಲೆ ಸಂಧ್ಯಾ ರಸ್ತೆಯಿಂದ ಕಣ್ಣು ತೆಗೆಯದೆ, ತುಂಬ ಮೆಲ್ಲಗೆ, "ಬಿಡಿ ಭಾನು ಸರ್. ಸ್ಕೂಲಿಗೆ ಸೇರಿಸ್ವಾಗ ಏನೋ ಬರ್ಸಿರ್ತಾರೆ," ಎಂದಳು. ಜ್ವರ ಬಂದ ಮಗುವಿನ ಹೊದಿಕೆ ಸರಿಮಾಡುವ ದನಿ ಅದು.

ಆ ದನಿಯಲ್ಲಿ ಅರುಣಾಳಿಗೆ ಎಲ್ಲ ತಿಳಿಯಿತು. ಅವರಿಗೆ ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು. ಅವಳು ಕೆಲಸಕ್ಕೆ ಸೇರಿದಾಗ ಆಯ್ಕೆಯ ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿದ್ದರು, ಹೆಸರಿನ ಮುಂದೆ ತಂದೆಯ ಹೆಸರು, ಅದರ ಮುಂದೆ ಕೆಟಗರಿ. ಕದರಯ್ಯ ಎಂಬ ಹೆಸರನ್ನು ಓದಿಕೊಂಡೇ ಅವತ್ತು ಡಬ್ಬಿ ಬಿಚ್ಚಿ ವೆಜ್ಜಾ ಎಂದು ಕೇಳಿದ್ದರು, ಅವಳ ಹೂಂ ಅನ್ನು ಎಂಟು ವರ್ಷ ಅವರೂ ಸೇರಿ ಸಾಕಿದ್ದರು. ಈ ವರ್ಷ ಬಂದ ನಂದಿತಾಳಿಗೂ ಅವರೇ ಹೇಳಿರುತ್ತಾರೆ. ಎಲ್ಲರ ಡಬ್ಬಿಗೂ ಕೈ ಹಾಕಿ ಒಂದೊಂದು ತುತ್ತು ರುಚಿ ನೋಡುವ ಭಾನುಪ್ರಕಾಶ್ ಅವಳ ಡಬ್ಬಿಯ ಸರದಿ ಬಂದಾಗ, "ಗ್ಯಾಸ್ಟ್ರಿಕ್ ಮೇಡಂ, ಇವತ್ತು ಸಾಕು," ಎನ್ನುತ್ತಿದ್ದುದು ನೆನಪಾಯಿತು. ಯಾವತ್ತೋ ಒಂದು ದಿನವಲ್ಲ, ಯಾವತ್ತೂ. ಇಷ್ಟು ದಿನ ಅದನ್ನು ಅವಳು ಬರೀ ಗ್ಯಾಸ್ಟ್ರಿಕ್ ಅಂದುಕೊಂಡಿದ್ದಳೇ, ಅಂದುಕೊಳ್ಳಲು ಒಪ್ಪಿದ್ದಳೇ. ಮೂವರು ನೋಡುತ್ತಿದ್ದಂತೆ, ಮೂವರಿಗೂ ಗೊತ್ತಿರುವ ಅಪ್ಪನನ್ನು ಅವಳು ಕೂತಲ್ಲಿಂದಲೇ ಅಳಿಸಿಹಾಕಿದ್ದಳು. ಅದರಿಂದ ಅವರಲ್ಲಿ ಒಬ್ಬರೂ ಮೋಸಹೋಗಿರಲಿಲ್ಲ.

ಮೇನ್ ರೋಡಿನಲ್ಲಿ ಇಳಿದು ಮನೆಗೆ ನಡೆದಳು. ಗೋವಿಂದರಾಜು ಸುಶ್ಮಿತಾಳನ್ನು ಟ್ಯೂಷನ್ನಿಗೆ ಬಿಡಲು ಹೋಗಿದ್ದ. ಅಪ್ಪ ಹಜಾರದಲ್ಲಿ ಅದೇ ಕುರ್ಚಿಯಲ್ಲಿದ್ದ. ಟೇಬಲ್ಲಿನ ಮೇಲೆ ಬೆಳಿಗ್ಗೆ ಮಾಡಿಟ್ಟು ಹೋಗಿದ್ದ ಉಪ್ಪಿಟ್ಟು ಮುಚ್ಚಿದಂತೆಯೇ ಇತ್ತು. "ತಿಂದಿಲ್ವಾ ಅಪ್ಪ?" "ನೀನು ಒಡೆ ತತ್ತೀಯೇನೋ ಅಂತ," ಎಂದು ಅವನು ನಾಚಿಕೊಂಡ. "ಯಜಮಾನ್ರೇ ಕಟ್ಸಿಕೊಟ್ರು," ಎಂದು ಅವಳು ಪೊಟ್ಟಣವನ್ನು ಅವನ ಮುಂದಿಟ್ಟಳು. ಅವನು ಅದನ್ನು ಬಿಚ್ಚದೆ ಮೂಗಿನ ಹತ್ತಿರ ಹಿಡಿದು, "ಅದೇಯ," ಎಂದ. ಆಗ ಮೊಬೈಲು ಸದ್ದು ಮಾಡಿತು. ಭಾನುಪ್ರಕಾಶ್ ಗ್ರೂಪಿಗೆ ಫೋಟೋ ಹಾಕಿದ್ದ. "ಎಲ್ಲಿ ತೋರ್ಸು, ಹೋಟ್ಲಾ?" ಎಂದು ಅಪ್ಪ ಕೈ ಚಾಚಿದ. ಬೇಡವೆನ್ನಲು ಅವಳಿಗೆ ನೆಪ ಸಿಗುವಷ್ಟರಲ್ಲಿ ಮೊಬೈಲು ಅವನ ಕೈಯಲ್ಲಿತ್ತು. "ಮೆಟ್ಲು ಹಂಗೇ ಅವೆ," ಎಂದ. ಆಮೇಲೆ ಫೋಟೋದ ಕೆಳಗಿನ ಅಕ್ಷರಗಳಿಗೆ ಕಣ್ಣು ಕಿರಿದು ಮಾಡಿದ. ಅವಳು ಒಂದನೆಯ ಕ್ಲಾಸಿನಲ್ಲಿದ್ದಾಗ ಅವಳ ಪುಸ್ತಕದಲ್ಲೇ ಓದು ಕಲಿತವನು. ಈಗಲೂ ಒಂದೊಂದೇ ಅಕ್ಷರವನ್ನು ಬಾಯಿಬಿಟ್ಟು ಕೂಡಿಸಿಕೊಳ್ಳಬೇಕು. "ರಾ. ಮಾಂ. ಜಿ. ನ. ರಾಮಾಂಜಿನಯ್ಯ. ಮೇಷ್ಟ್ರ. ನೆ. ನೆಚ್ಚಿನ ಹೋಟೆಲು." ಸ್ವಲ್ಪ ತಡೆದು ಮುಂದಿನದನ್ನೂ ಓದಿದ. "ಅವರ. ಮ. ಮಗಳೊಂದಿಗೆ. ನಾವು."

ಅವಳು ನಿಂತೇ ಇದ್ದಳು. ಅಪ್ಪ ಮೊಬೈಲನ್ನು ಕೆಳಗಿಡಲು ಜಾಗ ಹುಡುಕುವಂತೆ ಸುತ್ತ ನೋಡಿ, ಕೊನೆಗೆ ಅವಳಿಗೇ ಕೊಟ್ಟ.

"ನಿನ್ ಮೇಷ್ಟ್ರಲ್ವಾ. ಒಳ್ಳೇ ಮನ್ಸ."

"ಅಪ್ಪ."

"ಸದ್ಯ," ಎಂದ ಅವನು. "ನನ್ನೆಸ್ರು ಹೇಳ್ಬುಟ್ಟು ಅವ್ರ ಮುಂದೆ ಸಣ್ಣೋಳಾಗ್ಬುಡ್ತೀಯೇನೋ ಅಂತ ಬೆಳಗಿಂದ ಭಯ ಆಗಿತ್ತು ಕಣವ್ವ."

ಅದು ನಿಜವೋ, ಅವಳಿಗಾಗಿ ಆ ಗಳಿಗೆಯಲ್ಲಿ ಹುಟ್ಟಿಸಿಕೊಂಡ ಮಾತೋ, ಅವನ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಏನಾದರೂ ಕೊಡಬೇಕೆನ್ನಿಸಿ ಅವಳು ಅವಸರವಾಗಿ, "ಅವ್ರು ನಿನ್ನ ಮರ್ತಿಲ್ಲ ಅಪ್ಪ. ಯಜಮಾನ್ರು. ಹಸ ಬೇರೆ ಅಂತ ಹೇಳಿದ್ಯಂತಲ್ಲ, ಅವ್ರಪ್ಪ ಬೆರಗಾಗಿಬಿಟ್ರಂತೆ. ಆಮೇಲೆ ಮೊದಲ್ನೇ ಕಾಫಿ ನಿಂಗೇ ಕೊಡ್ತಿದ್ರಂತೆ," ಎಂದಳು.

ಅಪ್ಪ ಅವಳನ್ನು ಅರ್ಥವಾಗದವನಂತೆ ನೋಡಿದ. "ಹಂಗಂದ್ರಾ," ಎಂದ. ಬಲಗೈಯನ್ನು ತಿರುಗಿಸಿ ಮುಂಗೈಯ ಮೇಲಿನ ಹಳೆಯ ನುಣುಪು ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡ. ಮೂಟೆಯ ಹಗ್ಗ ಕೊಯ್ದದ್ದು ಎಂದು ಅವಳು ಚಿಕ್ಕವಳಾಗಿದ್ದಾಗ ಹೇಳಿದ್ದ. "ಗಿರಾಕಿಗಳ ಮುಂದೆ ಬಾಯಿ ಬುಟ್ಟೆ ಅಂತ ಬಿಸ್ನೀರು ಎರಚಿದ್ರು ಅವ್ರಪ್ಪ. ಒಂದು ತಿಂಗ್ಳು ಮೆಟ್ಲತ್ರಕ್ಕೂ ಸೇರಿಸ್ಲಿಲ್ಲ."

"ಆಮೇಲೂ ಅಲ್ಲಿಗೇ ಹೋದ್ಯಾ?"

"ಏನ್ಮಾಡದು," ಎಂದ ಅಪ್ಪ. "ಕಾಫಿ ಚೆನ್ನಾಗಿರದು."

ಎದ್ದು ನಿಂತ. "ಒಡೆ ತಿನ್ನಪ್ಪ, ಆರಿಹೋಗ್ತದೆ," ಎಂದಳು. ಅವನು ಪೊಟ್ಟಣವನ್ನು ನೋಡಿ, ಕೋಪವಿಲ್ಲದೆ, ಬೇರೆಯವರ ಮನೆಗೆ ಬಂದ ಕಾಗದವನ್ನು ಅವರಿಗೇ ಮುಟ್ಟಿಸಿ ಎಂದು ಹೇಳುವವನ ಹಾಗೆ, "ಮೇಷ್ಟ್ರಿಗೆ ಅಂತ ಕೊಟ್ಟವ್ರೆ, ನಾನ್ಯಾಕೆ ತಿನ್ಲಿ ಬುಡು," ಎಂದ. ಉಪ್ಪಿಟ್ಟಿನ ತಟ್ಟೆ ತೆಗೆದುಕೊಂಡು ತನ್ನ ಕೋಣೆಗೆ ಹೋದ. ಒಳಗಿನಿಂದ ಚಮಚದ ಸದ್ದು ನಿಧಾನವಾಗಿ ಕೇಳತೊಡಗಿತು.

ಅರುಣಾ ಅವನ ಕುರ್ಚಿಯಲ್ಲಿ ಕೂತಳು. ಗೋವಿಂದರಾಜು ಬಂದರೆ ಎಲ್ಲಿಂದ ತಂದದ್ದು, ಯಾರು ಕೊಟ್ಟರು ಎಂದು ಕೇಳುತ್ತಾನೆ. ಬೀದಿಗೆ ಎಸೆಯೋಣವೆಂದರೆ ಅಪ್ಪನ ಕಿಟಕಿ ಬೀದಿಗೇ ಇತ್ತು. ದಾರ ಬಿಚ್ಚಿದಳು. ಬಾಳೆಎಲೆ ಬಾಡಿತ್ತು, ವಡೆಗಳು ಆರಿ ಎಣ್ಣೆ ಬಿಟ್ಟಿದ್ದವು. ಒಂದನ್ನು ಮುರಿದು ಬಾಯಿಗಿಟ್ಟಳು, ಆಮೇಲೆ ಇನ್ನೊಂದು. ಯಾರಾದರೂ ಬಂದುಬಿಟ್ಟಾರು ಎಂಬಂತೆ ಬೇಗ ಬೇಗ, ನಾಲ್ಕನ್ನೂ ತಿಂದಳು. ತಣ್ಣಗಾಗಿದ್ದರೂ ಚೆನ್ನಾಗಿತ್ತು.